ಸೈಕಲ್ ಸವಾರರಿಗೆ ಮೋಟಾರು ವಾಹನದ ಡಿಕ್ಕಿ: ವಿಮೆ ಮತ್ತು ಕಾನೂನಿನ ರಕ್ಷಣೆ

ಕೋಲಾರ ಚಿನ್ನದ ಗಣಿ ಹಾಗೂ ಬಂಗಾರಪೇಟೆಯ ಸುತ್ತಣ ಹಳ್ಳಿಗಳಲ್ಲಿ ಹೊತ್ತು ಹುಟ್ಟುವ ಮೊದಲೇ ರಸ್ತೆಗಳು ಎಚ್ಚರಗೊಳ್ಳುತ್ತವೆ. ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟವರು, ಸೊಪ್ಪು ತರಕಾರಿ ಹೇರಿಕೊಂಡು ರಾಬರ್ಟ್‌ಸನ್‌ಪೇಟೆಗೆ ಹೊರಟವರು, ಬೆಂಗಳೂರಿನ ಕೆಲಸಕ್ಕೆ ಹೋಗಲು ಬಂಗಾರಪೇಟೆ ಜಂಕ್ಷನ್ನಿನಲ್ಲಿ ರೈಲು ಹಿಡಿಯುವವರು, ಇವರಲ್ಲಿ ಹಲವರಿಗೆ ಇಂದಿಗೂ ಸೈಕಲ್ಲೇ ಗತಿ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಗಣಿ ಕಾಲೋನಿಗಳಿಂದ ಬೆಂಗಳೂರಿನ ರೈಲಿಗೆ ಓಡುವವರ ಸಂಖ್ಯೆ ಹೆಚ್ಚಿತು. ಇದೇ ರಸ್ತೆಗಳಲ್ಲಿ ಕೋಲಾರದ ಮಾರುಕಟ್ಟೆಗೆ ಟೊಮೇಟೊ ಸಾಗಿಸುವ ವಾಹನಗಳು, ಇಟ್ಟಿಗೆ ಹೊತ್ತ ಟ್ರಾಕ್ಟರುಗಳು, ಗಡಿಯಾಚೆಯ ಕುಪ್ಪಂ ಮತ್ತು ವಿ. ಕೋಟದ ಕಡೆಯ ಲಾರಿಗಳು ಓಡಾಡುತ್ತವೆ. ಮಸುಕು ಬೆಳಕಿನಲ್ಲಿ ಇವೆರಡೂ ಎದುರಾದರೆ ಪೆಟ್ಟು ಬೀಳುವುದು ಸೈಕಲ್ಲಿನ ಮೇಲಿರುವವನಿಗೇ.

ಆಮೇಲೆ ನಡೆಯುವುದು ಸಾಮಾನ್ಯವಾಗಿ ಹೀಗೆ: ಜನ ಸೇರುತ್ತಾರೆ. ಚಾಲಕ ಕೈ ಮುಗಿಯುತ್ತಾನೆ. ಊರಿನ ಹಿರಿಯರೊಬ್ಬರು ಮುಂದೆ ಬಂದು, "ಠಾಣೆ, ಕೋರ್ಟು ಎಂದು ಅಲೆಯುವುದೇಕೆ?" ಎಂದು ಐದೋ ಹತ್ತೋ ಸಾವಿರಕ್ಕೆ ರಾಜಿ ಮಾಡಿಸುತ್ತಾರೆ. ಬಿಳಿ ಕಾಗದದ ಮೇಲೆ ಹೆಬ್ಬೆಟ್ಟು ಬೀಳುತ್ತದೆ, ಲಾರಿ ಹೊರಟುಹೋಗುತ್ತದೆ. ಮೂರು ತಿಂಗಳ ನಂತರ ಮೂಳೆ ಕೂಡಿಲ್ಲ, ಸಲಾಕೆ ಹಾಕಬೇಕು ಎಂದು ವೈದ್ಯರು ಹೇಳುವಾಗ ಕೈಯಲ್ಲಿ ಹಣವೂ ಇಲ್ಲ, ಲಾರಿಯ ನಂಬರೂ ಇಲ್ಲ, ಠಾಣೆಯಲ್ಲಿ ದಾಖಲೆಯೂ ಇಲ್ಲ. ಬೇಸಾಯದ ಮನೆಯಲ್ಲಿ ದುಡಿಯುವ ಕೈ ಒಂದು ಕಡಿಮೆಯಾದರೆ ಮೊದಲು ಮಾರಾಟವಾಗುವುದು ಹಸು, ಆನಂತರ ಜಮೀನು.

ವಾಸ್ತವವಾಗಿ ಚಾಲಕನಿಂದ ಹಣ ಕೇಳುವ ಅವಶ್ಯಕತೆಯೇ ಬಹುಪಾಲು ಪ್ರಕರಣಗಳಲ್ಲಿ ಇರುವುದಿಲ್ಲ. ಹಣ ಕೊಡಬೇಕಾದದ್ದು ವಿಮಾ ಸಂಸ್ಥೆ.

ವಿಮೆ ಯಾರದು, ರಕ್ಷಣೆ ಯಾರಿಗೆ?

ಸೈಕಲ್ಲಿಗೆ ವಿಮೆ ಇಲ್ಲ, ಆದ್ದರಿಂದ ಪರಿಹಾರವೂ ಇಲ್ಲ ಎಂಬ ತಪ್ಪು ಕಲ್ಪನೆ ಹಳ್ಳಿಗಳಲ್ಲಿ ಬಲವಾಗಿದೆ. ಕಾನೂನಿನ ಪ್ರಕಾರ ಸೈಕಲ್ಲು ಮೋಟಾರು ವಾಹನವಲ್ಲ. ಅದಕ್ಕೆ ನೋಂದಣಿ, ಲೈಸೆನ್ಸು, ವಿಮೆ ಯಾವುದೂ ಬೇಡ. ಆದರೆ ಸಾರ್ವಜನಿಕ ರಸ್ತೆಯಲ್ಲಿ ಓಡುವ ಪ್ರತಿಯೊಂದು ಮೋಟಾರು ವಾಹನಕ್ಕೂ ಅದರ ಮಾಲೀಕ ವಿಮೆ ಮಾಡಿಸಲೇಬೇಕು. ಈ ಕಡ್ಡಾಯ ವಿಮೆ ಮಾಲೀಕನ ವಾಹನ ಕೆಟ್ಟರೆ ದುರಸ್ತಿ ಮಾಡಿಸುವುದಕ್ಕಲ್ಲ. ಆ ವಾಹನದಿಂದ ಪೆಟ್ಟು ತಿಂದ ಹೊರಗಿನವರಿಗಾಗಿ. ಮಾಲೀಕ ಮೊದಲನೆಯ ಪಕ್ಷ, ವಿಮಾ ಸಂಸ್ಥೆ ಎರಡನೆಯದು, ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ ಸವಾರ ಮೂರನೆಯ ಪಕ್ಷ. ಆತ ಒಂದು ಪೈಸೆ ಕಂತು ಕಟ್ಟದಿದ್ದರೂ ಆ ಪಾಲಿಸಿ ಇರುವುದು ಅವನಿಗಾಗಿಯೇ. ಮುರಿದ ಸೈಕಲ್ಲು, ನುಗ್ಗಾದ ಹಾಲಿನ ಕ್ಯಾನು ಇವುಗಳ ನಷ್ಟವನ್ನೂ ಕೇಳಬಹುದು.

ಈ ಏರ್ಪಾಡು ಹೊಸದಲ್ಲ. 1939ರ ಮೋಟಾರು ವಾಹನ ಕಾಯಿದೆಯಲ್ಲಿಯೇ ಇದ್ದು, ಕಡ್ಡಾಯ ವಿಮೆ 1946ರ ಜುಲೈ 1ರಿಂದ ಜಾರಿಗೆ ಬಂದಿತು. 1982ರಲ್ಲಿ, ತಪ್ಪು ಯಾರದೇ ಇರಲಿ ಸಾವಿಗೆ 15,000 ರೂ. ಕೊಡಬೇಕೆಂಬ ನಿಯಮ ಸೇರಿತು. ಈಗ ಜಾರಿಯಲ್ಲಿರುವುದು 1988ರ ಕಾಯಿದೆ. ಅದನ್ನು 2019ರಲ್ಲಿ ತಿದ್ದುಪಡಿ ಮಾಡಲಾಯಿತು. ಪರಿಹಾರಕ್ಕೆ ಸಂಬಂಧಿಸಿದ ಹೊಸ ಕಲಮುಗಳು 2022ರ ಏಪ್ರಿಲ್ 1ರಿಂದ ಜಾರಿಯಾಗಿವೆ. ಹಳೆಯ ಲೆಕ್ಕವನ್ನೇ ನೆನಪಿಟ್ಟುಕೊಂಡು ಸಲಹೆ ಕೊಡುವವರು ಇನ್ನೂ ಇದ್ದಾರೆ. ಅವರ ಮಾತನ್ನು ಒಮ್ಮೆ ಪರೀಕ್ಷಿಸಿಯೇ ನಂಬಬೇಕು.

ಬ್ಯಾಟರಿ ಸೈಕಲ್ಲುಗಳ ಬಗ್ಗೆ ಒಂದು ಮಾತು. ಮೋಟಾರಿನ ಶಕ್ತಿ 250 ವ್ಯಾಟ್‌ಗೂ ವೇಗ ಗಂಟೆಗೆ 25 ಕಿ.ಮೀ.ಗೂ ಒಳಗಿದ್ದರೆ ಮಾತ್ರ ನಿಯಮಗಳ ಪ್ರಕಾರ ಅದು ಮೋಟಾರು ವಾಹನವಲ್ಲ. ಅದಕ್ಕೂ ಮೇಲಾದರೆ ನೋಂದಣಿ, ವಿಮೆ ಎರಡೂ ಬೇಕಾಗುತ್ತವೆ.

ಮೊದಲ ದಿನದ ಕೆಲಸ

ಮೊದಲು ಜೀವ, ಆಮೇಲೆ ಕಾಗದ. 108 ಅಥವಾ 112ಕ್ಕೆ ಫೋನು ಮಾಡಬೇಕು. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸುವುದು ಮತ್ತು ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯವೆಂದು 134ನೇ ಕಲಮು ಹೇಳುತ್ತದೆ. ದಾರಿಹೋಕರು ಸಾಗಿಸಿದರೆ ಅವರನ್ನು ಸಾಕ್ಷಿಯಾಗಲು ಬಲವಂತ ಮಾಡುವಂತಿಲ್ಲ, ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂಬ ರಕ್ಷಣೆಯೂ 2019ರಿಂದ ಕಾಯಿದೆಯಲ್ಲಿದೆ. ಪೊಲೀಸರ ಕಾಟಕ್ಕೆ ಹೆದರಿ ರಸ್ತೆಬದಿಯಲ್ಲಿ ನರಳುವವನನ್ನು ಬಿಟ್ಟುಹೋಗುವ ಕಾರಣ ಇನ್ನು ಉಳಿದಿಲ್ಲ.

ಚಿಕಿತ್ಸೆಯ ಖರ್ಚಿಗಾಗಿ ಕೇಂದ್ರ ಸರ್ಕಾರ 2025ರ ಮೇ 5ರಂದು ಒಂದು ಯೋಜನೆಯನ್ನು ಪ್ರಕಟಿಸಿತು. ಅದರಂತೆ ಮೋಟಾರು ವಾಹನದಿಂದ ಗಾಯಗೊಂಡವರಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂ. ಮಿತಿಯಲ್ಲಿ ನಗದು ಕಟ್ಟದೆ ಚಿಕಿತ್ಸೆ ದೊರೆಯಬೇಕು. ಆಸ್ಪತ್ರೆಗೆ ಸೇರಿಸುವಾಗಲೇ "ಇದು ರಸ್ತೆ ಅಪಘಾತ, ಆ ಯೋಜನೆಯಲ್ಲಿ ಸೇರಿಸಿ" ಎಂದು ಬಾಯಿಬಿಟ್ಟು ಕೇಳಬೇಕು.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಕೆ.ಜಿ.ಎಫ್. ಅಥವಾ ಬಂಗಾರಪೇಟೆಯ ಆಸ್ಪತ್ರೆಯಿರಲಿ, ಕೋಲಾರದ ಎಸ್.ಎನ್.ಆರ್. ಆಸ್ಪತ್ರೆಯಿರಲಿ, ಹೇಗೆ ಪೆಟ್ಟಾಯಿತು ಎಂದು ವೈದ್ಯರು ಕೇಳಿದಾಗ "ಸೈಕಲ್ಲಿನಿಂದ ಬಿದ್ದೆ" ಎಂದು ಹೇಳಬಾರದು. ಗಾಬರಿಯಲ್ಲಿ, ಅಥವಾ ಚಾಲಕನ ಮೇಲಿನ ಕನಿಕರದಿಂದ, ಜೊತೆಯವರು ಹಾಗೆ ಬರೆಸುವುದುಂಟು. ಆಸ್ಪತ್ರೆಯ ಪುಸ್ತಕದಲ್ಲಿ ಮೊದಲ ದಿನ ಬರೆದ ಆ ಒಂದು ಸಾಲು ವರ್ಷದ ನಂತರ ನ್ಯಾಯಮಂಡಳಿಯಲ್ಲಿ ವಿಮಾ ಸಂಸ್ಥೆಯ ವಕೀಲರ ಕೈಯಲ್ಲಿರುತ್ತದೆ. ಯಾವ ವಾಹನ, ಎಲ್ಲಿ, ಎಷ್ಟು ಹೊತ್ತಿಗೆ ಹೊಡೆಯಿತು ಎಂಬುದನ್ನು ನಡೆದ ಹಾಗೆಯೇ ಬರೆಸಬೇಕು.

ವಾಹನದ ನಂಬರು ಮತ್ತೊಂದು ಮುಖ್ಯ ಸಂಗತಿ. ಮೊಬೈಲಿನಲ್ಲಿ ಫೋಟೊ ತೆಗೆದರೆ ಉತ್ತಮ. ಇಲ್ಲವಾದರೆ ಸಿಗರೇಟು ಪೊಟ್ಟಣದ ಮೇಲಾದರೂ ಬರೆದುಕೊಳ್ಳಬೇಕು. ನಂಬರು ಒಂದಿದ್ದರೆ ಆ ವಾಹನದ ವಿಮೆ ಚಾಲ್ತಿಯಲ್ಲಿದೆಯೇ ಎಂಬುದನ್ನು ಸರ್ಕಾರದ ಪರಿವಾಹನ್ ತಾಣದಲ್ಲಿ ನೋಡಬಹುದು. ಸಾರಿಗೆ ಇಲಾಖೆ ಮತ್ತು ಪೊಲೀಸರು ಈ ವಿವರವನ್ನು ಶುಲ್ಕ ಪಡೆದು ಕೊಡಲೇಬೇಕು.

ಪೊಲೀಸು ದೂರು ಅದೇ ದಿನ, ತಪ್ಪಿದರೆ ಮಾರನೆಯ ದಿನ ಆಗಬೇಕು. ಗಾಯಾಳು ಏಳಲಾಗದಿದ್ದರೆ ಮನೆಯವರು ಅಥವಾ ಕಣ್ಣಾರೆ ಕಂಡವರು ಕೊಡಬಹುದು. ಎಫ್.ಐ.ಆರ್. ಪ್ರತಿ ದೂರುದಾರರಿಗೆ ಉಚಿತ. ಈ ಭಾಗದಲ್ಲಿ ತಮಿಳು, ತೆಲುಗು ಮನೆಮಾತಿನವರು ಬಹಳ. ಕನ್ನಡದಲ್ಲಿ ಬರೆದ ದೂರನ್ನು ಓದಿಸಿ, ಅರ್ಥ ಮಾಡಿಕೊಂಡ ಮೇಲೆಯೇ ಸಹಿ ಹಾಕಬೇಕು. "ಎದುರಿನಿಂದ" ಎಂಬುದಕ್ಕೂ "ಹಿಂದಿನಿಂದ" ಎಂಬುದಕ್ಕೂ ಪರಿಹಾರದಲ್ಲಿ ಲಕ್ಷಗಟ್ಟಲೆ ವ್ಯತ್ಯಾಸ ಬರಬಹುದು.

2022ರ ನಿಯಮಗಳಂತೆ ತನಿಖಾಧಿಕಾರಿ 48 ಗಂಟೆಗಳೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಸಂಸ್ಥೆಗೂ, 90 ದಿನಗಳೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೂ ಕಳುಹಿಸಬೇಕು. ಆ ವಿವರವಾದ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿಯಾಗಿ ಪರಿಗಣಿಸಬಹುದು. ವರದಿ ಹೋಯಿತೇ ಎಂದು ಠಾಣೆಯಲ್ಲಿ ವಿಚಾರಿಸುವುದು ಗಾಯಾಳುವಿನ ಹಕ್ಕು.

ಎರಡು ದಾರಿಗಳು

ಪರಿಹಾರ ಪಡೆಯಲು ಎರಡು ದಾರಿಗಳಿವೆ. ಒಂದನ್ನು ಹಿಡಿದರೆ ಇನ್ನೊಂದು ಮುಚ್ಚಬಹುದಾದ್ದರಿಂದ ಇವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು.

164ನೇ ಕಲಮಿನಂತೆ ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ 2.5 ಲಕ್ಷ ರೂ. ನಿಗದಿಯಾಗಿದೆ. ಇಲ್ಲಿ ಚಾಲಕನ ತಪ್ಪನ್ನು ರುಜುವಾತು ಪಡಿಸಬೇಕಿಲ್ಲ. ಸೈಕಲ್ಲಿಗೆ ದೀಪವಿರಲಿಲ್ಲ, ಸವಾರ ಅಡ್ಡ ಬಂದ ಎಂಬ ತಕರಾರಿಗೂ ಹೆಚ್ಚು ಬೆಲೆಯಿಲ್ಲ. ಮೂಳೆ ಮುರಿದರೆ ಕಾನೂನಿನ ದೃಷ್ಟಿಯಲ್ಲಿ ಅದು ಗಂಭೀರ ಗಾಯವೇ. ವಿಮಾ ಸಂಸ್ಥೆ ಮಾಹಿತಿ ಬಂದ 30 ದಿನಗಳಲ್ಲಿ ಪರಿಹಾರದ ಮೊತ್ತವನ್ನು ಮುಂದಿಡಬೇಕು. ಆದರೆ ಈ ಹಣವನ್ನು ಒಪ್ಪಿ ಪಡೆದರೆ ನ್ಯಾಯಮಂಡಳಿಯಲ್ಲಿನ ಅರ್ಜಿ ರದ್ದಾಗುತ್ತದೆ.

166ನೇ ಕಲಮಿನ ದಾರಿಯಲ್ಲಿ ಚಾಲಕನ ಅಜಾಗರೂಕತೆಯನ್ನು ತೋರಿಸಬೇಕು. ಸವಾರನ ತಪ್ಪೂ ಇದ್ದರೆ ಅಷ್ಟು ಪಾಲು ಕಡಿತವಾಗುತ್ತದೆ. ಆದರೆ ಮೊತ್ತಕ್ಕೆ ಮಿತಿಯಿಲ್ಲ. ಇದರ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ತಿಂಗಳಿಗೆ 12,000 ರೂ. ದುಡಿಯುತ್ತಿದ್ದ 38 ವರ್ಷದ ರೈತ ತೀರಿಕೊಂಡನೆಂದು ಭಾವಿಸೋಣ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವಲಂಬಿತರು. ಸುಪ್ರೀಂ ಕೋರ್ಟು 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಹೇಳಿದಂತೆ, 40 ವರ್ಷದೊಳಗಿನ ಸ್ವಂತ ದುಡಿಮೆಗಾರನಿಗೆ ಮುಂದಿನ ವರಮಾನ ವೃದ್ಧಿಯೆಂದು ಶೇಕಡ 40 ಸೇರಿಸಬೇಕು: 16,800 ರೂ. ನಾಲ್ವರು ಅವಲಂಬಿತರಿದ್ದಾಗ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯಬೇಕು: 12,600 ರೂ. ವರ್ಷಕ್ಕೆ 1,51,200 ರೂ. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 36ರಿಂದ 40ರ ವಯಸ್ಸಿಗೆ ಗುಣಕ 15. ಒಟ್ಟು 22,68,000 ರೂ. ಅಂತ್ಯಕ್ರಿಯೆ ಮುಂತಾದ ಬಾಬುಗಳು ಇದರ ಮೇಲೆ. ಹತ್ತು ಸಾವಿರಕ್ಕೆ ಮರದಡಿ ಆದ ರಾಜಿಯನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಐದು ಲಕ್ಷದ ನಿಗದಿತ ಮೊತ್ತವೂ ಇದರ ಕಾಲು ಭಾಗಕ್ಕಿಂತ ಕಡಿಮೆ. ತಪ್ಪು ಸವಾರನದೇ ಎಂದು ಎದ್ದು ಕಾಣುವ ಪ್ರಕರಣದಲ್ಲಿ ಮಾತ್ರ ಮೊದಲನೆಯ ದಾರಿ ಲಾಭದಾಯಕ.

ಬದುಕುಳಿದು ಅಂಗವಿಕಲನಾದವನ ಲೆಕ್ಕ ಇನ್ನಷ್ಟು ಸೂಕ್ಷ್ಮ. ವೈದ್ಯರು ಕೊಡುವ ಶೇಕಡಾವಾರು ಕಾಲಿನದೋ ಇಡೀ ದೇಹದ್ದೋ ಎಂಬುದನ್ನು ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಆ ಊನದಿಂದ ದುಡಿಮೆ ಎಷ್ಟು ಕುಂದಿತು ಎಂಬುದನ್ನು ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟು ರಾಜ್ ಕುಮಾರ್ ಪ್ರಕರಣದಲ್ಲಿ ವಿವರಿಸಿದೆ. ಮಂಡಿ ಮಡಚಲಾಗದ ಗುಮಾಸ್ತ ಕುರ್ಚಿಯಲ್ಲಿ ಕುಳಿತು ಸಂಬಳ ತೆಗೆದುಕೊಳ್ಳಬಹುದು. ಅದೇ ಮಂಡಿಯಿಂದ ರೈತ ಕಳೆ ಕೀಳಲಾರ, ಹಾಲು ಕರೆಯಲಾರ, ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತಲಾರ. ಸಾಕ್ಷಿ ನುಡಿಯುವಾಗ ಈ ಕೆಲಸಗಳನ್ನು ಒಂದೊಂದಾಗಿ ಹೆಸರಿಸಿ ಹೇಳಬೇಕು. "ಕೆಲಸ ಮಾಡಲು ಆಗುವುದಿಲ್ಲ" ಎಂದಷ್ಟೇ ಹೇಳಿದರೆ ಸಾಲದು.

ವರಮಾನದ ರುಜುವಾತು ರೈತನಿಗೆ ತೊಡಕಿನ ವಿಷಯ. ಸಂಬಳದ ಚೀಟಿ ಇರುವುದಿಲ್ಲ. ಡೈರಿಯ ಪಾಸ್ ಪುಸ್ತಕ, ಗೂಡಿನ ಮಾರುಕಟ್ಟೆಯ ಮತ್ತು ಎ.ಪಿ.ಎಂ.ಸಿ.ಯ ಚೀಟಿಗಳು, ಪಹಣಿ, ಉದ್ಯೋಗ ಖಾತರಿ ಕಾರ್ಡು, ಬ್ಯಾಂಕಿನ ಪುಸ್ತಕ ಇವೇ ಆಧಾರ. ಸಾಮಾನ್ಯವಾಗಿ ಒಲೆಗೆ ಹೋಗುವ ಈ ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಒಳ್ಳೆಯದು. ಹಾಗೆಂದು ದಾಖಲೆ ಇಲ್ಲದವರು ಕೈಬಿಡಬೇಕಿಲ್ಲ. ಕರ್ನಾಟಕದ ಕೂಲಿಕಾರರೊಬ್ಬರಿಗೆ 2004ರಲ್ಲಿ ಆದ ಅಪಘಾತದಲ್ಲಿ ತಿಂಗಳ ದುಡಿಮೆ 3,000 ರೂ. ಎಂದು ಎಣಿಸಲಾಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟು, ಕೂಲಿಯವನಿಂದ ಲಿಖಿತ ದಾಖಲೆ ನಿರೀಕ್ಷಿಸಲಾಗದು ಎಂಬ ನೆಲೆಯಲ್ಲಿ, ಆತ ಹೇಳಿದ 4,500 ರೂ.ಗಳನ್ನೇ ಒಪ್ಪಿತು.

ವಾಹನ ನಿಲ್ಲದೆ ಹೋದರೆ

ಗುದ್ದಿದ ವಾಹನ ಪತ್ತೆಯಾಗದಿದ್ದರೂ ಬರಿಗೈ ಆಗಬೇಕಿಲ್ಲ. 161ನೇ ಕಲಮು ಮತ್ತು 2022ರ ಯೋಜನೆಯಂತೆ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂ. ದೊರೆಯುತ್ತದೆ. ಹಿಂದೆ ಇದು 25,000 ಮತ್ತು 12,500 ರೂ. ಇದ್ದಿತು. ಅರ್ಜಿಯನ್ನು ಕೊಡಬೇಕಾದದ್ದು ಕೋರ್ಟಿಗಲ್ಲ, ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ, ಅಂದರೆ ಉಪವಿಭಾಗಾಧಿಕಾರಿ ಅಥವಾ ತಹಸೀಲ್ದಾರರಿಗೆ. ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಒಂದು ತಿಂಗಳಲ್ಲಿ ವಾಹನ ಪತ್ತೆಯಾಗದಿದ್ದರೆ ಈ ಸೌಲಭ್ಯದ ವಿಷಯವನ್ನು ಠಾಣಾಧಿಕಾರಿಯೇ ಗಾಯಾಳುವಿಗೆ ಬರವಣಿಗೆಯಲ್ಲಿ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಆದೇಶಿಸಿತು. ಗ್ರಾಮ ಮಟ್ಟದ ಕಾರ್ಯಕರ್ತರು ಇದನ್ನು ವಿಶೇಷವಾಗಿ ಪ್ರಚಾರ ಮಾಡಬೇಕು.

ಸಿಗದ ವಾಹನದ ಬದಲು ಪರಿಚಯದವರ ವಾಹನವೊಂದನ್ನು ತೋರಿಸಿ ವಿಮೆ ಪಡೆಯಿರಿ ಎಂದು ಹುರಿದುಂಬಿಸುವ ಮಧ್ಯವರ್ತಿಗಳು ಇರುತ್ತಾರೆ. ಅದು ಅಪರಾಧ. ಸಿಕ್ಕಿಬಿದ್ದರೆ ಇದ್ದ ಹಕ್ಕೂ ಹೋಗುತ್ತದೆ.

ಎಲ್ಲಿ, ಎಷ್ಟು ದಿನದೊಳಗೆ?

ಅಪಘಾತವಾದ ಸ್ಥಳ, ಅರ್ಜಿದಾರ ವಾಸಿಸುವ ಅಥವಾ ದುಡಿಯುವ ಸ್ಥಳ, ಎದುರುದಾರ ವಾಸಿಸುವ ಸ್ಥಳ, ಇವುಗಳಲ್ಲಿ ಯಾವ ನ್ಯಾಯಮಂಡಳಿಯಲ್ಲಾದರೂ ಅರ್ಜಿ ಹಾಕಬಹುದು. ಗಡಿ ತಾಲ್ಲೂಕುಗಳವರಿಗೆ ಇದು ದೊಡ್ಡ ಅನುಕೂಲ. ಕಾಮಸಮುದ್ರದ ರೈತನಿಗೆ ಆಂಧ್ರದ ಲಾರಿ ಕುಪ್ಪಂ ಹತ್ತಿರ ಗುದ್ದಿದರೂ ಆತ ತನ್ನ ಜಿಲ್ಲೆಯಲ್ಲೇ ಪರಿಹಾರ ಕೇಳಬಹುದು.

ಕಾಲಮಿತಿಯ ವಿಷಯದಲ್ಲಿ ಗೊಂದಲವಿದೆ. 1994ರ ತಿದ್ದುಪಡಿಯ ಮೇಲೆ ಬಹುಕಾಲ ಯಾವ ಮಿತಿಯೂ ಇರಲಿಲ್ಲ. "ಯಾವಾಗ ಬೇಕಾದರೂ ಹಾಕಬಹುದು" ಎಂಬ ಮಾತು ಹಳ್ಳಿಗಳಲ್ಲಿ ಉಳಿದಿರುವುದು ಅದರಿಂದಲೇ. 2022ರ ಏಪ್ರಿಲ್ 1ರಿಂದ ಆರು ತಿಂಗಳ ಮಿತಿ ಬಂದಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶವನ್ನಿತ್ತಿತು. ಆದ್ದರಿಂದ ಆರು ತಿಂಗಳು ಮೀರಿದವರು ನಿರಾಶರಾಗದೆ ವಕೀಲರನ್ನು ಕಾಣಬೇಕು. ಮೀರದವರು ಈ ಆದೇಶವನ್ನು ನೆಚ್ಚಿಕೊಂಡು ಕೂರಬಾರದು. ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನಗಳಲ್ಲಿ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು.

ವಕೀಲರ ಶುಲ್ಕ ಕೊಡಲಾಗದವರಿಗೆ ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಮತ್ತು ಕಡಿಮೆ ವರಮಾನದವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡಲಾಗುತ್ತದೆ. ದೂರವಾಣಿ 15100. ಖಾಸಗಿ ವಕೀಲರನ್ನು ಇಟ್ಟುಕೊಂಡವರು, ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂಬ ಕರಾರಿಗೆ ಒಪ್ಪಬಾರದು. ಅಂಥ ಕರಾರು ವಕೀಲರ ಪರಿಷತ್ತಿನ ನಿಯಮಗಳಿಗೇ ವಿರುದ್ಧ. ಲೋಕ ಅದಾಲತ್ತಿನಲ್ಲಿ ಬೇಗ ಇತ್ಯರ್ಥವಾಗುತ್ತದೆ, ನಿಜ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಮೇಲೆ ಹೇಳಿದ ಲೆಕ್ಕವನ್ನು ಮನೆಯಲ್ಲಿಯೇ ಹಾಕಿಕೊಂಡು ಹೋಗಬೇಕು.

ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂ. ಕಟ್ಟುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಿಂದ ಅಪಘಾತದ ಸಾವಿಗೆ 2 ಲಕ್ಷ ರೂ. ಬರುತ್ತದೆ. ಇದು ಬೇರೆಯೇ ಬಾಬು. 18ರಿಂದ 70 ವರ್ಷದವರೆಗಿನ, ಬ್ಯಾಂಕು ಖಾತೆಯುಳ್ಳ ಎಲ್ಲರೂ ಸೇರಬಹುದು.

ಟ್ರಾಕ್ಟರು ಇಟ್ಟಿರುವ ರೈತರಿಗೆ

ಇದುವರೆಗೆ ಹೇಳಿದ್ದು ಸೈಕಲ್ಲಿನ ಮೇಲಿದ್ದವನ ಪರವಾಗಿ. ಟ್ರಾಕ್ಟರಿನ ಮೇಲೆ ಕುಳಿತವನೂ ರೈತನೇ ಆಗಿರುವುದು ಈ ಪ್ರದೇಶದಲ್ಲಿ ಅಪರೂಪವಲ್ಲ. ಹೊಲಕ್ಕಷ್ಟೇ ಹೋಗುವುದೆಂದು ವಿಮೆಯನ್ನು ನವೀಕರಿಸದೆ ಬಿಟ್ಟ ಟ್ರಾಕ್ಟರು ಊರ ರಸ್ತೆಗೆ ಬಂದ ದಿನ ಅಪಘಾತವಾದರೆ, ಮೇಲೆ ಲೆಕ್ಕ ಹಾಕಿದ ಇಪ್ಪತ್ತೆರಡು ಲಕ್ಷವನ್ನು ಕೊಡಬೇಕಾದವನು ಮಾಲೀಕನೇ. ಜಮೀನು ಜಪ್ತಿಗೆ ಬರುತ್ತದೆ. 2022ರ ನಿಯಮಗಳಂತೆ ವಿಮೆಯಿಲ್ಲದ ವಾಹನವನ್ನು ಸಾಕಷ್ಟು ಭದ್ರತೆ ಒದಗಿಸದೆ ಬಿಡುಗಡೆ ಮಾಡುವಂತೆಯೂ ಇಲ್ಲ.

ವಿಮೆ ಇದ್ದೂ ಲೈಸೆನ್ಸಿಲ್ಲದ ಹುಡುಗನ ಕೈಗೆ ಚಕ್ರ ಕೊಟ್ಟಿದ್ದರೆ, ಸಾಮಾನ್ಯವಾಗಿ ವಿಮಾ ಸಂಸ್ಥೆ ಗಾಯಾಳುವಿಗೆ ಮೊದಲು ಹಣ ಕೊಟ್ಟು ಅನಂತರ ಮಾಲೀಕನಿಂದ ವಸೂಲು ಮಾಡುತ್ತದೆ. ಟ್ರೈಲರಿನ ವಿವರವೂ ಪಾಲಿಸಿಯಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಬೇಕು. ಬೆಳಗಿನ ಮಸುಕಿನಲ್ಲಿ ನಿಲ್ಲಿಸಿದ ಟ್ರೈಲರಿಗೆ ಹಿಂದಿನಿಂದ ಸೈಕಲ್ಲುಗಳು ಬಡಿಯುವುದುಂಟು. ಕೆಂಪು ಹೊಳೆಪಟ್ಟಿ ಅಂಟಿಸುವ ಖರ್ಚು ಅತ್ಯಲ್ಪ.

ಹಳೆಯ ಟ್ರಾಕ್ಟರನ್ನು ಮಾರಿದವರು ಆರ್.ಸಿ. ಪುಸ್ತಕದಲ್ಲಿ ಹೆಸರು ಬದಲಾಗುವವರೆಗೆ ಬಿಡಬಾರದು. ಹಣ ಎಣಿಸಿಕೊಂಡು, ಕೀಲಿಕೈ ಕೊಟ್ಟು, ವಾಹನ ನಾಲ್ಕು ಕೈ ಬದಲಾಯಿಸಿದ್ದರೂ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಮಾನಿಸಿದೆ.